ಕುಡಚಿಯಿಂದ ಸಾನ್ ಫ್ರಾನ್ಸಿಸ್ಕೋ ಎಷ್ಟು ಹರದಾರಿ?

ಮಿರಜದಿಂದ ಬೆಳಗಾವಿಯ ಕಡೆಗೆ ರೇಲ್ವೆಯಲ್ಲಿ ಬರುವ ಪ್ರವಾಸಿಕನು ಶೇಡಬಾಳ, ಉಗಾರಗಳನ್ನು ದಾಟಿದ ತರುವಾಯ ಕೃಷ್ಣಾ ನದಿಯ ಮೇಲಿನ ಉದ್ದನೆಯ ಸೇತುವೆಯನ್ನು ಏರುವನು. ಚಕ್ರಗಳ ಸಪ್ಪಳವು ಒಮ್ಮೆಲೆ ಬದಲಾಗುವದು. ಗಾಡಿಯೊಳಗಿನ ಹಿರಿಯ ಹೆಣ್ಣುಮಕ್ಕಳು ಕಿಟಕಿಯಿಂದ ಹೊಳೆಗೆ ಒಂದು ಕಾಸನ್ನು ಒಗೆದು ಕೈಮುಗಿಯುವರು. ಆ ಸಪ್ಪಳವು ಅಡಗಿದಲ್ಲಿ ಕುಡಚಿ ಬಂದಿತೆಂದು ತಿಳಿಯಬೇಕು. ರಾಯಬಾಗ ತಾಲೂಕಿನ ಈ ನಮ್ಮ ಊರು ಎರೆಯ ಭೂಮಿಯದು, ಕಬ್ಬಿನದು, ಹೊಳೆಯದು. ಪೇಟೆಯಲ್ಲಿ ನಿಂತರೆ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಉಸಿರಿನಲ್ಲಿ ಕಿವಿಗೆ ಬೀಳುವವು. ಮಾಸಾಹೇಬಾ ದರ್ಗಾಕ್ಕೆ ನಡೆದುಕೊಳ್ಳುವವರೂ ಚಿಂಚಲಿಯ ಮಾಯಕ್ಕನಿಗೆ ನಡೆದುಕೊಳ್ಳುವವರೂ ಒಂದೇ ಓಣಿಯಲ್ಲಿ ಇರುವರು. ಆಚೆಯ ದಂಡೆಯ ಉಗಾರದ ಸಕ್ಕರೆ ಕಾರಖಾನೆಯ ಹೊಗೆಯನ್ನು ನೋಡಿ ನಮ್ಮವರು ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ಹೇಳುವರು. ಮಳೆಗಾಲ ಬಿರುಸಾದ ವರ್ಷಗಳಲ್ಲಿ ಹೊಳೆ ಏರಿ ಉಗಾರದ ರಸ್ತೆಯ ಸೇತುವೆ ಮುಳುಗಿದರೆ, ಕಣ್ಣಿಗೆ ಕಾಣುವ ಊರೇ ನಮಗೆ ಪರದೇಶವಾಗುವದು.

ಇಂಥ ಊರಿನಲ್ಲಿ ದೂರವೆಂಬುದಕ್ಕೆ ಬಹು ದಿನಗಳ ವರೆಗೆ ಒಂದೇ ಅಳತೆಯಿತ್ತು, ಅದು ರೇಲ್ವೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸದರ್ನ್ ಮರಾಠಾ ರೇಲ್ವೆಯವರು ಹಾಕಿದ ಕಿರಿದಾದ ಹಳಿಯು ಪುಣೆಯನ್ನೂ ಲೋಂಡೆಯನ್ನೂ ಕೂಡಿಸಿತು. ಕಳೆದ ಶತಮಾನದ ಕೊನೆಯ ದಶಕದಲ್ಲಿ ಆ ಹಳಿಯ ನಮ್ಮ ಕಡೆಯ ಭಾಗವು ಅಗಲವಾಯಿತು. ನಮ್ಮ ಅಜ್ಜಂದಿರ ಕಾಲದಲ್ಲಿ ಮುಂಬಯಿಗೆ ಹೋದವನು ದೂರ ಹೋದವನು; ಅವನು ತಿರುಗಿ ಬರುವ ದಿನದಂದು ಮನೆಯವರು ಸ್ಟೇಶನ್ನಿಗೆ ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದರು. ಈಗ ನಮ್ಮ ಓಣಿಯಲ್ಲಿಯೇ ಮೂರು ಮನೆಗಳ ಮಕ್ಕಳು ಸಮುದ್ರದ ಆಚೆಗೆ ಇರುವರು. ಆ ಮೂರರಲ್ಲಿ ನಮ್ಮದೂ ಒಂದು. ನಮ್ಮ ತಮ್ಮನು ಅಮೇರಿಕೆಯ ಪಶ್ಚಿಮ ದಂಡೆಯಲ್ಲಿ, ಸಾನ್ ಫ್ರಾನ್ಸಿಸ್ಕೋ ಪಟ್ಟಣದ ಮಗ್ಗುಲಲ್ಲಿ ನೆಲೆಸಿದ್ದಾನೆ. ಅವನು ಮೊದಲು ಹೋದಾಗಿನಿಂದ ನಮ್ಮ ತಾಯಿಯವರು ಕೇಳುತ್ತಿದ್ದ ಪ್ರಶ್ನೆ ಒಂದೇ:

“ಅದು ಎಷ್ಟ ಹರದಾರಿ ಆಕ್ಕೈತಿ?”

ನಾವು ಪ್ರತಿಸಲವೂ ನಕ್ಕು, “ಬಾಳ ದೂರ ಐತಿ ಅವ್ವಾ” ಎಂದು ಮಾತು ಮುಗಿಸಿಬಿಡುತ್ತಿದ್ದೆವು. ಅದೊಂದು ಉತ್ತರವಲ್ಲವೆಂಬುದು ನಮಗೆ ಬಹಳ ತಡವಾಗಿ ತಿಳಿಯಿತು. ಹೇಗೆ ತಿಳಿಯಿತೆಂಬುದನ್ನು ಹೇಳುವದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿರುವೆವು. ಮನೆಯಲ್ಲಿ ಮುಪ್ಪಾದ ಹಿರಿಯರೂ ದೂರದೇಶದಲ್ಲಿ ಮಕ್ಕಳೂ ಇರುವ ವಾಚಕರಿಗೆ ಇದರಿಂದ ಸ್ವಲ್ಪವಾದರೂ ಉಪಯೋಗವಾದೀತೆಂದು ನಮ್ಮ ನಂಬಿಗೆ.

ಮೊದಲು ಆಕಾಶದ ಹಾದಿಯ ಸಂಗತಿಯನ್ನು ತಿಳಿದುಕೊಳ್ಳೋಣ.

ನಮ್ಮ ನಾಡಿಗೂ ವಿಮಾನಕ್ಕೂ ಇರುವ ಸಂಬಂಧವು ಇಂದು ನಿನ್ನಿನದಲ್ಲ. ೧೯೩೨ನೆಯ ಇಸವಿಯ ಅಕ್ಟೋಬರ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲಿನ ಚೀಲಗಳನ್ನು ಹೊತ್ತು ಚಿಕ್ಕದೊಂದು ವಿಮಾನವನ್ನು ತಾವೇ ನಡಿಸಿಕೊಂಡು ಬಂದರು. ಮುಂಬಯಿಯಿಂದ ಮುಂದಕ್ಕೆ ಆ ಟಪಾಲನ್ನು ಅವರ ಜೊತೆಗಾರರಾದ ನೆವಿಲ್ ವಿನ್ಸೆಂಟರು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಟಾಟಾ ಅವರ ವಿಮಾನ ಟಪಾಲಿನ ಮೊದಲ ಸಾಲಿನಲ್ಲಿಯೇ ಕನ್ನಡನಾಡಿನ ಒಂದು ಊರು ತಂಗುದಾಣವಾಗಿತ್ತೆಂಬುದು ಅಭಿಮಾನದ ಸಂಗತಿ. ನಕಾಶೆಯನ್ನು ಹಾಸಿ ಮುಂಬಯಿಯಿಂದ ಬಳ್ಳಾರಿಗೆ ನೆಟ್ಟಗೆ ಗೆರೆಯನ್ನೆಳೆದರೆ ಅದು ಜಮಖಂಡಿಯ ಆಚೆಯ ಬದಿಯಲ್ಲಿ, ನಮ್ಮ ಕುಡಚಿಗೆ ಮೂಡಲಕ್ಕೆ ಸುಮಾರು ನಾಲ್ವತ್ತು–ಐವತ್ತು ಕಿಲೋಮೀಟರಿನ ಮೇಲೆ ಹಾದುಹೋಗುವದು.

ಹತ್ತು ವರ್ಷಗಳ ನಂತರ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಬೆಳಗಾವಿಯ ಹತ್ತಿರದ ಸಾಂಬ್ರಾದಲ್ಲಿ ಬ್ರಿಟಿಷ್ ವಾಯುದಳದವರು ವಿಮಾನಗಳ ಮೈದಾನವನ್ನು ಕಟ್ಟಿದರು. ಉತ್ತರ ಕರ್ನಾಟಕದ ವಿಮಾನ ನಿಲ್ದಾಣಗಳಲ್ಲಿ ಇದೇ ಹಿರಿಯದು. ೨೦೧೭ರ ಸೆಪ್ಟೆಂಬರದಲ್ಲಿ ಅಲ್ಲಿ ಹೊಸ ಕಟ್ಟಡವು ತೆರೆಯಿತು. ಇತ್ತ ಮುಂಬಯಿಯಿಂದ ೧೯೪೮ರ ಜೂನ್ ೮ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನವು ಕೈರೋ, ಜಿನಿವ್ಹಾಗಳಲ್ಲಿ ತಂಗುತ್ತ ಲಂಡನ್ನಿಗೆ ಹೊರಟಿತು. ಅದು ಮುಟ್ಟಿದ್ದು ಮೂರನೆಯ ದಿನ. ೧೯೬೦ರ ಮೇ ತಿಂಗಳಲ್ಲಿ ಏರ್ ಇಂಡಿಯಾದ ವಿಮಾನವು ಲಂಡನ್ನಿನ ಮೇಲಿಂದ ನ್ಯೂಯಾರ್ಕಿಗೆ ಹೋಗತೊಡಗಿತು. ಇವೆಲ್ಲ ನಿಂತು ನಿಂತು ಹೋಗುವ ಪ್ರವಾಸಗಳು. ನಮ್ಮ ಹಿರಿಯರು ಪಂಢರಪುರದ ವಾರಿಗೆ ಹೋಗುವಾಗ ಠಾವು ಠಾವಿಗೆ ಇಳಿದು ಬುತ್ತಿ ಬಿಚ್ಚಿದಂತೆಯೇ ಸರಿ.

ನಿಲ್ಲದೆ ಹೋಗುವ ಪ್ರವಾಸವು ನಮ್ಮ ನಾಡಿಗೆ ಬಂದದ್ದು ತೀರ ಈಚೆಗೆ. ೨೦೨೧ರ ಜನೇವರಿ ೯, ಶನಿವಾರ ರಾತ್ರಿ ಎಂಟೂವರೆಯ ಸುಮಾರಿಗೆ ಏರ್ ಇಂಡಿಯಾದ ಒಂದು ಬೋಯಿಂಗ್ ವಿಮಾನವು ಸಾನ್ ಫ್ರಾನ್ಸಿಸ್ಕೋದಿಂದ ಹೊರಟು, ಎಲ್ಲಿಯೂ ನೆಲವನ್ನು ಮುಟ್ಟದೆ, ೧೧ನೆಯ ತಾರೀಖು ಸೋಮವಾರ ಬೆಳಗಿನ ಜಾವಕ್ಕೆ ಬೆಂಗಳೂರಿನಲ್ಲಿ ಇಳಿಯಿತು. ಅದನ್ನು ನಡಿಸಿದವರು ಕ್ಯಾಪ್ಟನ್ ಝೋಯಾ ಅಗರವಾಲ ಎಂಬ ಮಹಿಳೆ. ಚಾಲಕರ ಕೋಣೆಯಲ್ಲಿದ್ದ ಉಳಿದ ಮೂವರೂ ಹೆಣ್ಣುಮಕ್ಕಳೇ. ಎರಡು ಪಟ್ಟಣಗಳ ನಡುವಿನ ನೇರ ದೂರವು ೧೩,೯೯೩ ಕಿಲೋಮೀಟರು. ಅವರು ಉತ್ತರ ಧ್ರುವದ ಮೇಲಿನ ಹಾದಿಯನ್ನು ಹಿಡಿದು ಬಂದರು. ಹಿಡಿದ ಹಾದಿಯ ಒಟ್ಟು ಅಳತೆ ೧೬,೦೦೦ ಕಿಲೋಮೀಟರಿನ ಸುಮಾರಿನದೆಂದು ಆಗಿನ ಪತ್ರಿಕೆಗಳಲ್ಲಿ ಬಂದಿತ್ತು. ಹತ್ತಿದ ಕಾಲ ಹದಿನೇಳು ತಾಸಿನಷ್ಟು.

ಇಲ್ಲಿ ಒಂದು ಸಂಶಯವು ಬರುವದು ಸಹಜ. ಗೋಡೆಗೆ ತೂಗಹಾಕಿದ ನಕಾಶೆಯಲ್ಲಿ ನೋಡಿದರೆ ಬೆಂಗಳೂರಿನಿಂದ ಮೂಡಲಕ್ಕೆ ಚೀನ, ಜಪಾನಗಳ ಬಳಿಯಿಂದ ಮಹಾಸಾಗರವನ್ನು ದಾಟಿ ಅಮೇರಿಕೆಯ ಪಶ್ಚಿಮ ದಂಡೆಗೆ ಹೋಗಬೇಕು. ಹೀಗಿರಲು ಹಿಮಗಡ್ಡೆಯ ಧ್ರುವಕ್ಕೆ ಏರಿ ಇಳಿಯುವದೇತಕ್ಕೆ? ಇದಕ್ಕೆ ಉತ್ತರವು ನಕಾಶೆಯಲ್ಲಿಲ್ಲ, ಭೂಮಿಯ ಗುಂಡುತನದಲ್ಲಿದೆ. ಗುಂಡಾದ ಭೂಮಿಯನ್ನು ಚಪ್ಪಟೆಯಾದ ಕಾಗದದ ಮೇಲೆ ಎಳೆದು ಹಾಸುವಾಗ ಧ್ರುವಗಳ ಹತ್ತಿರದ ಪ್ರದೇಶವು ಇದ್ದುದಕ್ಕಿಂತ ಬಹಳ ಅಗಲವಾಗಿ ಕಾಣುವದು. ನಕಾಶೆಯ ಮೇಲಿನ ನೆಟ್ಟನೆಯ ಗೆರೆಯನ್ನು ನಂಬಿ ದಿಕ್ಸೂಚಿಯ ಒಂದೇ ಮುಖವಾಗಿ ಹೋದರೆ ಎರಡು ಸಾವಿರ ಕಿಲೋಮೀಟರಿಗಿಂತ ಹೆಚ್ಚಿನ ಹಾದಿ ವ್ಯರ್ಥವಾಗುವದು. ಎಲ್ಲಕ್ಕೂ ಕಿರಿದಾದ ಹಾದಿಯು ಸೈಬೀರಿಯದ ಮೇಲಿಂದ ೭೧ನೆಯ ಅಕ್ಷಾಂಶದ ವರೆಗೆ ಏರಿ ಇಳಿಯುವದು. ಒಂದು ವೇಳೆ ನೇರವಾಗಿ ಧ್ರುವದ ನೆತ್ತಿಯ ಮೇಲಿಂದಲೇ ಹೋದರೂ ಈ ಕಿರಿದಾದ ಹಾದಿಗಿಂತ ಹೆಚ್ಚಾಗುವದು ಸುಮಾರು ೩೭೦ ಕಿಲೋಮೀಟರು ಮಾತ್ರ. ಗಾಳಿ ಅನುಕೂಲವಿದ್ದರೆ ಆ ಹೆಚ್ಚಳವು ಲೆಕ್ಕಕ್ಕೇ ಬಾರದು.

ಗಾಳಿಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುವೆವು. ವಿಮಾನಗಳು ಹಾರುವ ಎತ್ತರದಲ್ಲಿ ನಮ್ಮಂಥ ನಾಡುಗಳಿಗಿಂತ ಬಡಗಲಕ್ಕೆ ಪಡುವಣದಿಂದ ಮೂಡಲಕ್ಕೆ ಬಲವಾದ ಗಾಳಿಯ ಹೊಳೆಗಳು ಹರಿಯುತ್ತಿರುವವು. ಹರಿಯುವ ದಿಕ್ಕಿಗೆ ಹೋಗುವ ದೋಣಿಗೆ ಹೊಳೆಯು ನೆರವಾಗುವಂತೆ, ಮೂಡಲಕ್ಕೆ ಹೋಗುವ ವಿಮಾನಕ್ಕೆ ಗಾಳಿಯು ನೆರವಾಗುವದು. ಎದುರಾಗಿ ಬರುವದಕ್ಕೆ ಅಡ್ಡಿಯಾಗುವದು. ಆದುದರಿಂದ ಒಂದೇ ಎರಡು ಊರುಗಳ ನಡುವೆ ಹೋಗುವ ಕಾಲವೂ ಬರುವ ಕಾಲವೂ ಒಂದೇ ಆಗುವದಿಲ್ಲ. ಧ್ರುವದ ಹಾದಿಯಲ್ಲಿ ಇನ್ನೂ ಎಚ್ಚರಗಳುಂಟು. ವಿಮಾನದ ಎಣ್ಣೆಯು ಶೂನ್ಯಕ್ಕಿಂತ ೪೭ ಅಂಶ ಕೆಳಗಿನ ಚಳಿಗೆ ಗಟ್ಟಿಯಾಗತೊಡಗುವದಾದ್ದರಿಂದ ಅದರ ಉಷ್ಣತೆಯ ಮೇಲೆ ಕಣ್ಣಿಡಬೇಕಾಗುವದು. ದಿಕ್ಸೂಚಿಯ ಮುಳ್ಳನ್ನು ಅಲ್ಲಿ ನಂಬುವಂತಿಲ್ಲ. ಕೆಡುಕು ಸಂಭವಿಸಿದರೆ ಇಳಿಯಲು ಹತ್ತಿರದಲ್ಲಿ ಊರುಗಳಿಲ್ಲ. ಇವೆಲ್ಲವನ್ನೂ ಮೊದಲೇ ಎಣಿಸಿಕೊಂಡು ಹೊರಡಬೇಕಾಗುವದು.

ಇನ್ನು ಕಾಲದ ಲೆಕ್ಕ. ನಮ್ಮ ದೇಶದ ಗಡಿಯಾರವು ೮೨½ ಅಂಶದ ರೇಖೆಯನ್ನು ಹಿಡಿದು ನಡೆಯುವದು; ಅದು ಗ್ರಿನಿಚ್ಚಿನ ಗಡಿಯಾರಕ್ಕಿಂತ ಐದೂವರೆ ತಾಸು ಮುಂದೆ. ಸಾನ್ ಫ್ರಾನ್ಸಿಸ್ಕೋದ ಗಡಿಯಾರವು ಚಳಿಗಾಲದಲ್ಲಿ ಗ್ರಿನಿಚ್ಚಿಗಿಂತ ಎಂಟು ತಾಸು ಹಿಂದೆ. ಬೇಸಿಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುವದರಿಂದ ಏಳು ತಾಸು ಹಿಂದೆ. ಹೀಗಾಗಿ ನಮಗೂ ಅವರಿಗೂ ಚಳಿಗಾಲದಲ್ಲಿ ಹದಿಮೂರೂವರೆ ತಾಸು, ಬೇಸಿಗೆಯಲ್ಲಿ ಹನ್ನೆರಡೂವರೆ ತಾಸು ಅಂತರ. ಮೇಲೆ ಹೇಳಿದ ವಿಮಾನವು ಶನಿವಾರ ರಾತ್ರಿ ಹೊರಟು ಹದಿನೇಳು ತಾಸುಗಳಲ್ಲಿಯೇ ಸೋಮವಾರಕ್ಕೆ ಬಂದು ಮುಟ್ಟಿದ್ದರ ಗುಟ್ಟು ಇದೇ. ಅದರೊಳಗಿನ ಜನರ ರವಿವಾರದ ಬಹು ಭಾಗವು ಹಾದಿಯಲ್ಲಿ ಎಲ್ಲಿಯೋ ಕಳೆದುಹೋಯಿತು! ತಿರುಗಿ ಹೋಗುವವನಿಗೆ ಅದು ಮತ್ತೆ ದೊರೆಯುವದು.

ಇಷ್ಟು ಪೀಠಿಕೆಯಾಯಿತು. ಈಗ ನಮ್ಮ ಮನೆಯ ಸಂಗತಿ.

ಆ ನೇರ ವಿಮಾನವು ನಡೆದಿದ್ದ ದಿನಗಳ ಒಂದು ಮಾಘಮಾಸ. ಭಾರತ ಹುಣ್ಣಿಮೆಗೆ ಎರಡು ದಿನ ಮುಂಚೆ ನಮ್ಮ ತಾಯಿಯವರು ಹಿತ್ತಲ ಬಾಗಿಲಲ್ಲಿ ಕಾಲು ಜಾರಿ ಬಿದ್ದರು. ಎಂಬತ್ತು ದಾಟಿದ ದೇಹ. ತೊಡೆಯ ಎಲುಬಿಗೆ ಪೆಟ್ಟಾಯಿತು. ಮಿರಜಕ್ಕೆ ಒಯ್ದು ತೋರಿಸಿದೆವು. ವಯಸ್ಸನ್ನೂ ಎದೆಯ ಅಶಕ್ತತೆಯನ್ನೂ ನೋಡಿ ಅಲ್ಲಿಯ ವೈದ್ಯರು ಶಸ್ತ್ರಕ್ರಿಯೆಗೆ ಹಿಂಜರಿದರು. ಮನೆಗೆ ಕರೆತಂದೆವು. ಮರುದಿನ ಜ್ವರ ಬಂದಿತು. “ತಮ್ಮಗ ಹೇಳಬ್ಯಾಡ್ರಿ, ಅಲ್ಲಿ ಕುಂತ ಏನ ಮಾಡ್ಯಾನು, ಸುಮ್ಮನ ಅಳ್ತಾನ” ಎಂದು ಅವರೇ ಹೇಳಿದರು. ನಮಗೂ ಅದು ಸರಿಯಾಗಿ ಕಂಡಿತು. ಎರಡು ದಿನ ಹಾಗೆಯೇ ಕಳೆದವು. ಹುಣ್ಣಿಮೆಯ ಸಂಜೆಗೆ ಅವರ ಮಾತು ತೊದಲತೊಡಗಿತು. ರಾತ್ರಿ ಒಂಬತ್ತು ಗಂಟೆಗೆ ನಾವು ಫೋನು ಹಚ್ಚಿದೆವು. ಅಲ್ಲಿ ಅದೇ ದಿನ ಬೆಳಗಿನ ಏಳೂವರೆ. ತಮ್ಮನು ಒಂದು ಮಾತನ್ನೂ ಹೆಚ್ಚು ಕೇಳಲಿಲ್ಲ. “ಹೊರಡತೀನಿ ಅಣ್ಣಾ” ಎಂದನು.

ದೈವಯೋಗದಿಂದ ಅದೇ ರಾತ್ರಿಯ ನೇರ ವಿಮಾನದಲ್ಲಿ ಅವನಿಗೆ ಒಂದು ಸ್ಥಳವು ದೊರೆಯಿತು. ಅಲ್ಲಿಯ ರಾತ್ರಿ ಒಂಬತ್ತಕ್ಕೆ ವಿಮಾನವು ಎದ್ದಾಗ ಕುಡಚಿಯಲ್ಲಿ ಮರುದಿನದ ಬೆಳಗಿನ ಹತ್ತೂವರೆ. ನಾವು ತಾಯಿಯವರ ಮಂಚದ ಮಗ್ಗುಲಲ್ಲಿ ಗೋಡೆಯ ಗಡಿಯಾರದ ಕೆಳಗೆ ಕುಳಿತು ಎಣಿಸತೊಡಗಿದೆವು. ಮನೆಯ ಹುಡುಗರು ಫೋನಿನ ಗಾಜಿನ ಮೇಲೆ ವಿಮಾನದ ಗುರುತನ್ನು ತೋರಿಸುತ್ತಿದ್ದರು. ಮಧ್ಯಾಹ್ನಕ್ಕೆ ಅದು ಕೆನಡಾದ ಮೇಲಿತ್ತು. ಸಂಜೆ ಹೊಸ್ತಿಲಿಗೆ ದೀಪವನ್ನು ಹಚ್ಚುವ ಹೊತ್ತಿಗೆ ನಕಾಶೆಯ ನೆತ್ತಿಯಲ್ಲಿ, ಊರಿಲ್ಲದ, ಮರವಿಲ್ಲದ ಬಿಳಿಯ ಪ್ರದೇಶದಲ್ಲಿತ್ತು. ನಮ್ಮ ಮಡದಿಯು ದೀಪಕ್ಕೆ ಇನ್ನೊಂದು ಮಿಳ್ಳಿ ಎಣ್ಣೆಯನ್ನು ಹೆಚ್ಚಾಗಿ ಹಾಕಿದಳು. ಯಾತಕ್ಕೆಂದು ನಾವು ಕೇಳಲಿಲ್ಲ.

ಬೆಳಗಿನ ಜಾವ ನಾಲ್ಕು ಗಂಟೆಗೆ, ಹದಿನೇಳೂವರೆ ತಾಸಿನ ಹಾರಾಟದ ನಂತರ, ತಮ್ಮನು ಬೆಂಗಳೂರಿನಲ್ಲಿ ಇಳಿದನು. ಪರವಾನಗಿ, ಸಾಮಾನು, ಸುಂಕದ ಕಟ್ಟೆಗಳನ್ನು ಕಳೆದು, ಏಳೂವರೆಗೆ ಬೆಳಗಾವಿಯ ವಿಮಾನವನ್ನು ಹತ್ತಿದನು. ಬೆಂಗಳೂರಿನಿಂದ ಸಾಂಬ್ರಾಕ್ಕೆ ಆಕಾಶದಲ್ಲಿ ೪೪೫ ಕಿಲೋಮೀಟರಿನಷ್ಟು ದೂರ. ಒಂದೂಕಾಲು ತಾಸಿನಲ್ಲಿ ಇಳಿದನು. ನಾವು ಮೋಟಾರನ್ನು ತೆಗೆದುಕೊಂಡು ಹೋಗಿ ಎಂಟೂಮುಕ್ಕಾಲಿಗೆ ಬಾಗಿಲಲ್ಲಿ ನಿಂತಿದ್ದೆವು. ಅವನು ಹೊರಗೆ ಬಂದವನೇ ನಮ್ಮ ಮುಖವನ್ನು ನೋಡಿದನು. ನಾವು “ಅದಾಳ” ಎಂದೆವು. ಅಷ್ಟೇ ಮಾತು. ಕೂಡಲೆ ಹೊರಟೆವು.

ಸಾಂಬ್ರಾದಿಂದ ಕುಡಚಿಗೆ ಪಕ್ಷಿಯ ಹಾದಿಯಲ್ಲಿ ತೊಂಬತ್ತು ಕಿಲೋಮೀಟರೂ ತುಂಬದು. ಅವನು ಬಂದ ದೊಡ್ಡ ವಿಮಾನದ ವೇಗಕ್ಕೆ ಅದು ಆರು ನಿಮಿಷದ ಕೆಲಸ. ರಸ್ತೆಯ ಮೇಲೆ ನೂರು ದಾಟುವದು. ಎಂದಿನ ದಿನ ಎರಡೂವರೆ, ಮೂರು ತಾಸುಗಳು ಸಾಕು. ಆದರೆ ಅಂದು ಎಂದಿನ ದಿನವಾಗಿರಲಿಲ್ಲ. ಗೋಕಾಕ, ಘಟಪ್ರಭಾಗಳ ಕಡೆಯಿಂದಲೇ ಕಬ್ಬಿನ ಸುಗ್ಗಿಯ ಟ್ರ್ಯಾಕ್ಟರುಗಳು ಎರಡೆರಡು ಗಾಡಿಗಳನ್ನು ಜೋಡಿಸಿಕೊಂಡು ರಸ್ತೆ ತುಂಬ ತುಯ್ಯುತ್ತ ನಡೆದಿದ್ದವು. ರಾಯಬಾಗವನ್ನು ದಾಟಿದ ಮೇಲೆ ಚಿಂಚಲಿಯ ಜಾತ್ರೆಯು ಎದುರಾಯಿತು. ಭಾರತ ಹುಣ್ಣಿಮೆಯ ಮಾಯಕ್ಕನ ಜಾತ್ರೆಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಜನರು ಎಷ್ಟೋ ದಿನಗಳ ಹಾದಿಯನ್ನು ಇಂದಿಗೂ ಚಕ್ಕಡಿ ಹೂಡಿಕೊಂಡು ಬರುವದುಂಟು. ಎತ್ತಿನ ಕೊಂಬಿಗೆ ಗೊಂಡೆ, ಮೈಗೆ ಝೂಲು, ಗಾಡಿಯಲ್ಲಿ ಮುದುಕರು, ಕೂಸುಗಳು, ಬುತ್ತಿಯ ಗಂಟು. ಮುಂದೆ ಭಂಡಾರದಲ್ಲಿ ಹಳದಿಯಾದ ಜನ. ಯಾರಿಗೂ ಅವಸರವಿಲ್ಲ. ದೇವಿಯ ಹತ್ತಿರ ಬಂದವರಿಗೆ ಅವಸರವೇಕೆ? ನಮ್ಮ ಮೋಟಾರು ಆ ಎತ್ತುಗಳ ಹಿಂದೆ ಎತ್ತಿನ ಹೆಜ್ಜೆಯಲ್ಲಿಯೇ ನಡೆಯಿತು. ಒಂದೆಡೆಗೆ ಮುಕ್ಕಾಲು ತಾಸು ನಿಂತೇ ಬಿಟ್ಟಿತು.

ಭೂಮಿಯ ನೆತ್ತಿಯನ್ನು ಸುತ್ತಿಕೊಂಡು ಬಂದವನು ಮನೆಗೆ ಎರಡು ಹರದಾರಿಯ ಮೇಲೆ ಸಿಕ್ಕಿಕೊಂಡು ಕುಳಿತನು. ಸಿಟ್ಟಾದಾನೆಂದು ನಾವು ಅಂಜಿದ್ದೆವು. ಅವನು ಗಾಜನ್ನು ಇಳಿಸಿ, ಹೊರಗೆ ನೋಡುತ್ತ, “ಅವ್ವ ಒಮ್ಮೆ ನನ್ನನ್ನ ಇದೇ ಜಾತ್ರಿಗೆ ಹೆಗಲ ಮ್ಯಾಲೆ ಹೊತ್ತ ನಡಕೋತ ತಂದಿದ್ಳು, ನೆನಪೈತೇನ ಅಣ್ಣಾ?” ಎಂದನು. ನಮಗೆ ನೆನಪಿತ್ತು. ನಾವು ಆಗ ಅವರ ಸೆರಗು ಹಿಡಿದು ಬದಿಗೆ ನಡೆದಿದ್ದೆವು. ಆ ದಿನ ಕುಡಚಿಯಿಂದ ಚಿಂಚಲಿಯೇ ನಮಗೆ ಜಗತ್ತಿನ ಕೊನೆಯಷ್ಟು ದೂರವೆನಿಸಿತ್ತು.

ಮಧ್ಯಾಹ್ನ ಎರಡು ಗಂಟೆಗೆ ಮನೆಯನ್ನು ಮುಟ್ಟಿದೆವು. ಜ್ವರವು ಇಳಿದಿತ್ತು. ತಾಯಿಯವರು ಕಣ್ಣು ತೆರೆದು ಬಹಳ ಹೊತ್ತು ನೋಡಿದರು. ಆಮೇಲೆ ತೊದಲುತ್ತ, “ಉಂಡಿಯೇನಪಾ?” ಎಂದರು. ತಮ್ಮನು ಅವರ ಕಾಲ ಬಳಿಯಲ್ಲಿ ಕುಳಿತು ತಲೆಯಲ್ಲಾಡಿಸಿದನು. ಅವನ ಬಾಯಿಂದ ಮಾತು ಬರಲಿಲ್ಲ.

ವಾಚಕರು ಈ ಪ್ರವಾಸದ ಜಮಾಖರ್ಚನ್ನು ಒಮ್ಮೆ ನೋಡಬೇಕು. ಫೋನು ಮಾಡಿದಾಗಿನಿಂದ ಮನೆಯ ಹೊಸ್ತಿಲಿನ ವರೆಗೆ ಒಟ್ಟು ೪೧ ತಾಸು. ಅದರಲ್ಲಿ ವಿಮಾನವು ಹೊರಡುವ ವರೆಗೆ ಕಾದದ್ದು ಹದಿಮೂರೂವರೆ ತಾಸು. ಸಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿನ ವರೆಗೆ ಹಾರಿದ್ದು ಹದಿನೇಳೂವರೆ ತಾಸು. ಬೆಂಗಳೂರಿನಲ್ಲಿ ಕಳೆದದ್ದು ಮೂರೂವರೆ. ಬೆಳಗಾವಿಗೆ ಹಾರಿದ್ದು ಒಂದೂಕಾಲು. ಕೊನೆಯ ನೂರು ಚಿಲ್ಲರೆ ಕಿಲೋಮೀಟರಿಗೆ ಹತ್ತಿದ್ದು ಐದೂಕಾಲು ತಾಸು. ಆಕಾಶದ ಹದಿನಾಲ್ಕು ಸಾವಿರ ಚಿಲ್ಲರೆ ಕಿಲೋಮೀಟರಿಗೆ ಒಟ್ಟು ಹತ್ತೊಂಬತ್ತು ತಾಸೂ ತುಂಬಲಿಲ್ಲ. ಉಳಿದ ಇಪ್ಪತ್ತೆರಡು ತಾಸುಗಳು ನೆಲದ ಮೇಲೆಯೇ ಹೋದವು. ಎರಡು ವಿಮಾನ ನಿಲ್ದಾಣಗಳ ನಡುವೆ ಇಷ್ಟು ದೂರ, ಇಷ್ಟು ತಾಸು ಎಂದು ಪುಸ್ತಕಗಳಲ್ಲಿ ಬರೆದದ್ದು ಸುಳ್ಳಲ್ಲ. ಆದರೆ ಮನುಷ್ಯನು ನಿಲ್ದಾಣದಲ್ಲಿ ವಾಸಿಸುವದಿಲ್ಲ. ಅವನು ಒಂದು ಹೊಸ್ತಿಲಿನಿಂದ ಹೊರಟು ಇನ್ನೊಂದು ಹೊಸ್ತಿಲಿಗೆ ಬರಬೇಕಾಗಿದೆ.

ತಾಯಿಯವರು ಅನಂತರ ಹನ್ನೊಂದು ದಿನ ಇದ್ದರು. ಮೊದಲಿನ ನಾಲ್ಕೈದು ದಿನ ಬಹಳ ಗೆಲುವಾಗಿಯೇ ಇದ್ದರು. ಮಾತು ತಿಳಿಯಾಯಿತು. ಒಂದು ಮಧ್ಯಾಹ್ನ ತಮ್ಮನಿಗೆ ಅದೇ ಹಳೆಯ ಪ್ರಶ್ನೆಯನ್ನು ಹಾಕಿದರು: “ಖರೇ ಹೇಳು, ನಿಮ್ಮೂರು ಎಷ್ಟ ಹರದಾರಿ?”

ನಾವಾಗಿದ್ದರೆ ಮತ್ತೆ ನಕ್ಕುಬಿಡುತ್ತಿದ್ದೆವೇನೋ. ತಮ್ಮನು ಎದ್ದುಹೋಗಿ ಅಟ್ಟದ ಮೇಲಿನಿಂದ ಒಂದು ಗುಂಡಾದ ಕುಂಬಳಕಾಯಿಯನ್ನು ಇಳಿಸಿ ತಂದನು. ತಾಯಿಯವರ ಎಲೆಯಡಿಕೆಯ ಚಂಚಿಯಿಂದ ಸುಣ್ಣವನ್ನು ಬೆರಳಿಗೆ ಹಚ್ಚಿಕೊಂಡು ಕಾಯಿಯ ಒಂದು ಮಗ್ಗುಲಿಗೆ ಒಂದು ಬೊಟ್ಟನ್ನು ಇಟ್ಟನು. “ಇದು ಬೆಂಗಳೂರು. ಇದರ ಮಗ್ಗುಲಕ್ಕ ಇಲ್ಲಿ ನೀನು.” ಕಾಯಿಯನ್ನು ತಿರುಗಿಸಿ ಹಿಂದಿನ ಬದಿಗೆ, ಸ್ವಲ್ಪ ಮೇಲೆ, ಇನ್ನೊಂದು ಬೊಟ್ಟು. “ಇಲ್ಲಿ ನಾನು.” ಅವರ ಕೌದಿಯ ದಾರದ ಒಂದು ಎಳೆಯನ್ನು ತೆಗೆದುಕೊಂಡು ಎರಡು ಬೊಟ್ಟುಗಳ ನಡುವೆ ಬಿಗಿಯಾಗಿ ಎಳೆದನು. ದಾರವು ಕಾಯಿಯ ನಡುವಿನಿಂದ ಸುತ್ತಿ ಹೋಗಲಿಲ್ಲ. ತಾನಾಗಿಯೇ ಮೇಲಕ್ಕೆ ಸರಿದು ತೊಟ್ಟಿನ ಹತ್ತಿರದಿಂದ ಹಾದು ಆಚೆಗೆ ಇಳಿಯಿತು. “ಈ ತೊಟ್ಟು ಐತಲ್ಲ, ಇದು ಬಡಗಲ ತುದಿ. ಬರೇ ಹಿಮ. ಅದರ ಮ್ಯಾಲಿಂದ ನಾ ನಿನ್ನ ಕಡೆ ಬಂದ್ನಿ” ಎಂದನು. ಆಮೇಲೆ ಅವನು ಲೆಕ್ಕವನ್ನು ಮಾಡಿದನು. ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಸುಮಾರು ಎಂಟು ಸಾವಿರದ ಏಳುನೂರು ಮೈಲು. ಮೂರು ಮೈಲಿಗೆ ಒಂದು ಹರದಾರಿಯಂತೆ ಎರಡು ಸಾವಿರದ ಒಂಬೈನೂರು ಹರದಾರಿ. ದಿನಕ್ಕೆ ಎಂಟು ಹರದಾರಿಯಂತೆ ನಡೆದರೆ ಒಂದು ವರ್ಷದ ಹಾದಿ.

ತಾಯಿಯವರು ದಾರವನ್ನು ಕೈಯಿಂದ ಮುಟ್ಟಿ ನೋಡಿದರು. ತೊಟ್ಟನ್ನೂ ಮುಟ್ಟಿದರು. “ವರ್ಷದ ಹಾದಿ ನನಗಾಗಿ ಎರಡ ದಿನದಾಗ ಬಂದಿ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಹಂಗಾದರ ಬಾಳ ದೂರ ಏನಲ್ಲ ತಗೊ” ಎಂದರು. ಇಪ್ಪತ್ತು ವರ್ಷಗಳಿಂದ ಅವರು ಕೇಳುತ್ತಿದ್ದುದು ಇಷ್ಟನ್ನೇ. ಒಂದು ಸಂಖ್ಯೆಯನ್ನಾದರೂ, ಒಂದು ದಾರವನ್ನಾದರೂ ಅವರ ಕೈಗೆ ಕೊಟ್ಟಿದ್ದರೆ ಮಗನು ಇರುವ ಸ್ಥಳವು ಅವರ ಪಾಲಿಗೆ ಈ ಭೂಮಿಯ ಮೇಲಿನದೇ ಆಗುತ್ತಿತ್ತು. “ಬಾಳ ದೂರ” ಎಂದು ಹೇಳಿ ಹೇಳಿ ನಾವು ಅದನ್ನು ಭೂಮಿಯಿಂದಲೇ ಆಚೆಗೆ ಇಟ್ಟುಬಿಟ್ಟಿದ್ದೆವು.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೇಲಿನ ಜಮಾಖರ್ಚಿನಲ್ಲಿ ನಾವು ಒಂದು ಖರ್ಚನ್ನು ಬರೆಯಲಿಲ್ಲ. ತಾಯಿಯವರು ಬಿದ್ದ ದಿನದಿಂದ ಹುಣ್ಣಿಮೆಯ ರಾತ್ರಿಯ ವರೆಗಿನ ಎರಡು ದಿನಗಳವು. ತಮ್ಮನು ಬಂದ ಇಡೀ ಹಾದಿಗೆ ೪೧ ತಾಸು ಹತ್ತಿದರೆ, ನಮ್ಮ ಬಾಯಿಂದ ಮಾತು ಹೊರಡುವದಕ್ಕೆ ೪೮ ತಾಸು ಹತ್ತಿತು. ವಿಮಾನಕ್ಕೂ ಧ್ರುವಕ್ಕೂ ಕಬ್ಬಿನ ಗಾಡಿಗೂ ಜಾತ್ರೆಗೂ ದೋಷವನ್ನು ಹೊರಿಸಲು ನಮಗೆ ಬಾಯಿಲ್ಲ. ಜ್ವರವು ಅಂದು ಇಳಿಯದೆ ಹೋಗಿದ್ದರೆ, ಆ ೪೮ ತಾಸುಗಳ ಲೆಕ್ಕವನ್ನು ನಾವು ತಮ್ಮನಿಗೆ ಜೀವವಿರುವ ವರೆಗೂ ಕೊಡಲಾರದವರಾಗುತ್ತಿದ್ದೆವು. ಅವನು ಈ ವರೆಗೆ ಅದನ್ನು ಕೇಳಿಲ್ಲ. ಅವನು ಕೇಳದೆ ಇರುವದರಿಂದಲೇ ನಾವು ಇಲ್ಲಿ ಬರೆದಿರುವೆವು.

ಇಂಥ ಸ್ಥಿತಿಯಲ್ಲಿರುವ ಗೃಹಸ್ಥರಿಗೆ ನಮ್ಮ ಅನುಭವದಿಂದ ನಾಲ್ಕು ಮಾತುಗಳು. ಮೊದಲನೆಯದು, ದೂರದಲ್ಲಿರುವ ಮಕ್ಕಳ ಊರಿಗೂ ನಮ್ಮ ಊರಿಗೂ ಇರುವ ಗಡಿಯಾರದ ಅಂತರವನ್ನು, ಬೇಸಿಗೆಯದೊಂದು, ಚಳಿಗಾಲದ್ದೊಂದು, ಗೋಡೆಯ ಮೇಲೆ ಬರೆದಿಡಬೇಕು. ಸಂಕಟದ ಹೊತ್ತಿನಲ್ಲಿ ಕೂಡಿಸಿ ಕಳೆಯುತ್ತ ಕೂಡ್ರುವದು ಆಗದ ಮಾತು. ಎರಡನೆಯದು, ಒಂದೇ ನಿಲ್ದಾಣವನ್ನು ನಂಬಬಾರದು. ನಮ್ಮ ಭಾಗದವರಿಗೆ ಸಾಂಬ್ರಾ ಅಲ್ಲದೆ ಕೊಲ್ಹಾಪುರದ ಉಜಳಾಯಿವಾಡಿಯ ನಿಲ್ದಾಣವೂ ಉಂಟು. ನೆಟ್ಟನೆಯ ಗೆರೆಯ ಲೆಕ್ಕದಲ್ಲಿ ಅದು ಕುಡಚಿಗೆ ಸುಮಾರು ಅರುವತ್ತು ಕಿಲೋಮೀಟರಿನ ಮೇಲಿದ್ದು ಸಾಂಬ್ರಾಕ್ಕಿಂತ ಹತ್ತಿರ. ಚಿಕ್ಕೋಡಿ, ನಿಪ್ಪಾಣಿಗಳ ಮೇಲಿಂದ ದೂಧಗಂಗೆಯನ್ನು ದಾಟಿ ಅಲ್ಲಿಗೆ ಹೋಗಬಹುದು. ಅಂದು ಆ ಹಾದಿ ನಮಗೆ ಹೊಳೆಯಲೇ ಇಲ್ಲ. ವಿಮಾನಗಳ ಸಾಲುಗಳು ವರ್ಷ ವರ್ಷಕ್ಕೆ ಬದಲಾಗುವವಾದ್ದರಿಂದ ಆಗಾಗ್ಗೆ ವಿಚಾರಿಸಿಕೊಂಡಿರಬೇಕು. ಮೂರನೆಯದು, ಕೊನೆಯ ನೂರು ಕಿಲೋಮೀಟರಿನ ವಿಚಾರವನ್ನು ಮೊದಲು ಮಾಡಬೇಕು. ಹೊಳೆಗೆ ನೆರೆ ಬಂದಿದೆಯೇ, ಸುಗ್ಗಿಯೇ, ಜಾತ್ರೆಯೇ, ಆ ಹೊತ್ತಿಗೆ ರೇಲ್ವೆ ಉಂಟೇ ಎಂಬುದು ಊರಿನಲ್ಲಿದ್ದವನಿಗೆ ತಿಳಿಯುವದೇ ಹೊರತು ಹಾರಿ ಬರುವವನಿಗೆ ತಿಳಿಯದು. ನಾಲ್ಕನೆಯದು ಮತ್ತು ಎಲ್ಲಕ್ಕೂ ದೊಡ್ಡದು, ಹೇಳುವದನ್ನು ತಡಮಾಡಬಾರದು. ಬರುವದೋ ಬಿಡುವದೋ ಬರುವವನ ವಿಚಾರ. ತಿಳಿಸುವದು ನಮ್ಮ ಕೆಲಸ. ಮುಪ್ಪಾದವರು “ಬ್ಯಾಡ” ಎಂದು ಹೇಳುವದು ಮಕ್ಕಳ ಮೇಲಿನ ಮಮತೆಯಿಂದ. ಆ ಮಮತೆಯ ಮರೆಯಲ್ಲಿ ನಾವು ನಿಲ್ಲಬಾರದು.

ಹನ್ನೊಂದನೆಯ ದಿನ ನಸುಕಿನಲ್ಲಿ ತಾಯಿಯವರು ತೀರಿಕೊಂಡರು. ಇಬ್ಬರು ಮಕ್ಕಳೂ ಮಗ್ಗುಲಲ್ಲಿದ್ದೆವು. ಕೃಷ್ಣೆಯ ದಂಡೆಯ ಮೇಲೆ ಕಾರ್ಯಗಳೆಲ್ಲ ಮುಗಿದ ಮೇಲೆ ತಮ್ಮನು ಹೊರಟನು. ಈ ಸಲ ಅವಸರವಿರಲಿಲ್ಲ; ಅವನು ಕುಡಚಿಯಿಂದಲೇ ರೇಲ್ವೆಯನ್ನು ಹತ್ತುವೆನೆಂದನು. ಸ್ಟೇಶನ್ನಿಗೆ ಹೋಗುವಾಗ ಅವನ ಅಂಗಿಯ ಕಿಸೆಯಲ್ಲಿ ಆ ಕೌದಿಯ ದಾರದ ಎಳೆ ಇತ್ತು. ಕುಂಬಳಕಾಯಿಯನ್ನು ಮನೆಯವರು ಯಾರೂ ಹೆಚ್ಚಲಿಲ್ಲ. ಮಳೆಗಾಲದ ವರೆಗೂ ಅದು ಎರಡು ಸುಣ್ಣದ ಬೊಟ್ಟುಗಳೊಂದಿಗೆ ಅಟ್ಟದ ಮೇಲೆಯೇ ಇದ್ದಿತು. ಕೊನೆಗೆ ಹಿತ್ತಲಲ್ಲಿ ಹೂಳಿದೆವು; ಅಲ್ಲಿಯೇ ಬಳ್ಳಿ ಎದ್ದಿತು.

ಈಗ ಪ್ರತಿ ರವಿವಾರ ರಾತ್ರಿ ಎಂಟು ಗಂಟೆಗೆ ನಾವು ಫೋನಿನ ಬಳಿಯಲ್ಲಿ ಕೂಡ್ರುವೆವು. ಚಳಿಗಾಲವಾದರೆ ಅಲ್ಲಿ ಬೆಳಗಿನ ಆರೂವರೆ, ಬೇಸಿಗೆಯಾದರೆ ಏಳೂವರೆ. ತಮ್ಮನ ಚಿಕ್ಕ ಮಗಳು ಒಮ್ಮೊಮ್ಮೆ ಕಣ್ಣು ತಿಕ್ಕುತ್ತ ಬಂದು ನಮ್ಮನ್ನು ಕೇಳುವಳು: “ದೊಡ್ಡಪ್ಪಾ, ಕುಡಚಿ ಇಲ್ಲಿಂದ ಎಷ್ಟು ದೂರ?” ನಾವು ನಗುವದಿಲ್ಲ. ಎರಡು ಸಾವಿರದ ಒಂಬೈನೂರು ಹರದಾರಿ, ಮೇಲೆ ಬೆಂಗಳೂರಿನಿಂದ ಇಲ್ಲಿಯ ವರೆಗಿನ ಹಾದಿ ಬೇರೆ, ಎಂದು ಸರಿಯಾದ ಲೆಕ್ಕವನ್ನೇ ಹೇಳುವೆವು.